ಗೌರವ ಗೋಡೆಯ ಹೇಂಟೆ

ಕೆರೆಯ ಪ್ರೌಢಶಾಲೆಯ ಗೌರವ ಗೋಡೆಗೆ, ಈಜಿನಲ್ಲಿ ಗೆದ್ದ ಹಳೆಯ ವಿದ್ಯಾರ್ಥಿನಿ ಬಾತುಕೋಳಿಯ ಚಿತ್ರ ಏರಿತು. ಪಕ್ಕದಲ್ಲೇ ತನ್ನ ತರಬೇತುದಾರಳಾದ ಹೇಂಟೆಯ ಚಿತ್ರವೂ ಇರಬೇಕೆಂದು ಬಾತುಕೋಳಿ ಹಟ ಹಿಡಿಯಿತು.

"ಇವರಿಗೆ ಈಜೇ ಬಾರದಲ್ಲ! ಏನು ಕಲಿಸಿದರು?" ಎಂದಿತು ಮುಖ್ಯೋಪಾಧ್ಯಾಯ ಕೊಕ್ಕರೆ.

"ಪಂದ್ಯದ ದಿನ ನಡುಕೆರೆಯಲ್ಲಿ ಮಂಜು ಕವಿದು ನನಗೆ ದಿಕ್ಕು ತಪ್ಪಿತು ಸಾರ್. ಇವರ ಕೂಗು ಕೇಳಿದತ್ತ ಈಜಿ ದಡ ಸೇರಿದೆ."

ಹೇಂಟೆ ತಲೆ ತಗ್ಗಿಸಿತು. "ನಿಜ ಹೇಳುತ್ತೇನೆ ಸಾರ್, ಅದು ತರಬೇತಿಯಲ್ಲ. ಈ ಮಗು ಮುಳುಗಿತೆಂಬ ಭಯಕ್ಕೆ ಅರಚಿದೆ, ಅಷ್ಟೆ."

ಕೊಕ್ಕರೆ ಹೇಂಟೆಯತ್ತ ತಿರುಗಿತು. "ಅವತ್ತು ಮಂಜಿಗೆ ಹೆದರಿ ನಾವೆಲ್ಲ ಗೂಡು ಸೇರಿದೆವು, ಈಜು ಬಲ್ಲವರೂ ಸೇರಿದಂತೆ. ಹೆದರಿಯೂ ದಡ ಬಿಡದವರು ನೀವೊಬ್ಬರೇ," ಎಂದು ಹೇಳಿ, ಇನ್ನೊಂದು ಮೊಳೆ ಹೊಡೆಯಲು ಮರಕುಟಿಗನನ್ನು ಕರೆಯಿತು.