ಓಬಳ ನೆಟ್ಟ ಗೊರಟೆ

ಕಲ್ಲು ಜಾಸ್ತಿ, ನೀರು ಕಮ್ಮಿ, ಅಂಥದೊಂದು ಊರು. ಊರಲ್ಲಿ ಪಾಲಮ್ಮ, ಪಾಲಮ್ಮನಿಗೊಬ್ಬ ಮಗ ಓಬಳ. ಹೇಳಿದ್ದನ್ನು ಮಾಡೋ ಮಗ. ಹೇಳಿದ್ದನ್ನಷ್ಟೇ ಮಾಡೋ ಮಗ! "ಇವನಿಗೆ ಹೆಣ್ಣು ಕೊಡೋರು ಯಾರಪ್ಪಾ" ಅಂತ ಪಾಲಮ್ಮ ಹಣೆ ಚಚ್ಚಿಕೊಳ್ಳೋಳು.

ಕೊನೆಗೆ ಪಕ್ಕದೂರಿನ ಬಂಗಾರಕ್ಕ ಒಪ್ಪಿದಳು. ಒಂದೇ ಮಾತು: "ಮುಡಿಯೋಕೆ ಹೂವಿಲ್ಲದ ಅಂಗಳಕ್ಕೆ ನಾ ಕಾಲಿಡಲ್ಲ."

"ಓಡೋ ಮಗನೇ, ಚೆಂದದ ಹೂವು ತಂದು ನೆಡು!" ಅಂದಳು ಪಾಲಮ್ಮ.

ಓಬಳ ಓಡಿದ. ಕೆರೆಗಿಳಿದ, ತಾವರೆ ಕಿತ್ತ, ತಂದು ಅಂಗಳದ ಕಲ್ಲುಮಣ್ಣಿನ ಗರಸಿನಲ್ಲಿ ನೆಟ್ಟ. ಮಧ್ಯಾಹ್ನಕ್ಕೆ ತಾವರೆ ಕತ್ತು ಚೆಲ್ಲಿತು.

"ಅಯ್ಯೋ ನನ್ನ ಕರ್ಮವೇ! ಕೆಸರಿನ ಹೂವು ಗರಸಲ್ಲಿ ಬದುಕ್ತೈತೇನೋ? ನಮ್ಮ ನೆಲಕ್ಕೆ ಒಗ್ಗೋದು ಗುಡ್ಡದ ಗೊರಟೆ. ಅದೂ ಈ ಬಿಸಿಲಲ್ಲಿ ಬೇಡ. ಮಳೆ ಬೀಳೋವರೆಗೂ ಹೊರಗಿನದು ಯಾವುದೂ ಬರಬಾರದು, ತಿಳೀತಾ?"

"ತಿಳೀತವ್ವ. ಹಂಗೇ ಮಾಡ್ತೀನಿ."

ಮಾರನೆ ದಿನ ಪಾಲಮ್ಮ ಬಾವಿಗೆ ಹೋಗಿದ್ದಾಗ ಹೆಣ್ಣಿನಪ್ಪ ಬೋರಯ್ಯ ಮನೆ ನೋಡೋಕೆ ಬಂದ. ಓಬಳ ಬಾಗಿಲಿಗೆ ಅಡ್ಡ ನಿಂತ.

"ನಿಲ್ಲು ಮಾವ! ಮಳೆ ಬೀಳೋವರೆಗೂ ಬರಂಗಿಲ್ಲ."

"ಬಾಯಿ ಒಣಗೈತೆ ಕಣಪ್ಪ!"

"ಮೋಡ ಆಗೈತೆ. ಒಸಿ ಹೊತ್ತು ಕಾಯಿ."

ಬೋರಯ್ಯ ಸಿಟ್ಟಾಗಿ ತಿರುಗಿ ಹೊರಟ. ಆಗಲೇ ದಬದಬ ಮಳೆ! "ಬಿತ್ತು ಮಾವ, ಬಿತ್ತು!" ಓಬಳ ಬೆನ್ನಟ್ಟಿ ಹೋಗಿ, ಮಾವನನ್ನು ಹೆಗಲಿಗೇರಿಸಿಕೊಂಡು ಬಂದು ಒಲೆ ಮುಂದೆ ಕೂರಿಸಿದ. ಬೋರಯ್ಯನಿಗೆ ಸಿಟ್ಟು ಎಲ್ಲಿ ಹೋಯ್ತೋ, ನಗು ಬಂತು.

ಪಾಲಮ್ಮ ಬಂದವಳೇ ಬೈದಳು. "ಬೀಗರೇನು ಗಿಡವೇನೋ, ಪೆದ್ದಪ್ಪಾ! ಹೋಗು, ಈಗ ಗೊರಟೆ ತಾ. ಹುಟ್ಟಿದ ಜಾಗದ ಮಣ್ಣೂ ಜೊತೆಗೆ ತಾ, ಇಲ್ಲಾಂದ್ರೆ ಬಾಡ್ತದೆ. ಬುಡ ಮುಚ್ಚು, ನೀರು ಹುಯ್ಯಿ. ಬೇರು ಬಿಡೋವರೆಗೂ ಅಲ್ಲಾಡಿಸಬೇಡ. ಮೇಕೆ ಬಾಯಿ ಹಾಕದಂಗೆ ಮುಳ್ಳು ಕಟ್ಟು!"

ಹೇಳಿದ್ದಷ್ಟನ್ನೂ ಮಾಡಿದ. ಚಳಿ ಬೀಳುತ್ತಲೇ ಅಂಗಳದ ತುಂಬ ಗೊರಟೆ ಹೂವು! ಮದುವೆಯೂ ಆಯ್ತು.

ಬಂಗಾರಕ್ಕ ತವರು ಬಿಟ್ಟು ದಾರಿಯುದ್ದಕ್ಕೂ ಅಳುತ್ತಾ ಬಂದಳು. ಹಿಂದೆ ಓಬಳ, ತಲೆ ಮೇಲೊಂದು ಮಂಕರಿ. ಪಾಲಮ್ಮ ಆರತಿ ಹಿಡಿದು ಹೊರಗೆ ಬಂದು ನೋಡ್ತಾಳೆ, ಸೊಸೆ ಗೊರಟೆ ಗಿಡದ ಪಕ್ಕ ನಿಂತವಳೆ! ಪಾದದ ಮೇಲೆ ಗುಡ್ಡೆ ಮಣ್ಣು! ಮಗ ಕೊಡದಲ್ಲಿ ನೀರು ಹುಯ್ತಾನೆ!

"ಅಯ್ಯಯ್ಯೋ! ಏನೋ ಇದು?"

"ಬಾಡಿದಾಳಲ್ಲವ್ವ! ಅವಳ ಅಂಗಳದ್ದೇ ಮಣ್ಣು ಮಂಕರೀಲಿ ಹೊತ್ತು ತಂದೀನಿ."

ಅಳುತ್ತಿದ್ದ ಬಂಗಾರಕ್ಕ ಕಾಲು ನೋಡಿಕೊಂಡಳು, ತವರಿನ ಮಣ್ಣು ನೋಡಿದಳು, ಕಿಸಕ್ಕನೆ ನಕ್ಕಳು. "ಇರಲಿ ಬಿಡಿ ಅತ್ತೆ. ಬೇರು ಬಿಟ್ಟೇ ಒಳಗೆ ಬರ್ತೀನಿ."

"ನೋಡಿದ್ಯಾ, ಚಿಗುರಿದಳು! ಅಲ್ಲಾಡಿಸಬೇಡವ್ವ!" ಅಂತ ಕೂಗಿ, ಓಬಳ ಕುಡುಗೋಲು ಹಿಡಿದು ಹೊರಗೋಡಿದ.

"ಇನ್ನೆಲ್ಲಿಗೋ?"

"ಮುಳ್ಳು ತರೋಕೆ! ಮೇಕೆ ಬರೋ ಹೊತ್ತಾಯ್ತು!"