ಕಡಾಣಿ ಕಿತ್ತ ನೇಕಾರ

"ಗುರುಗಳೇ, ನೆರೆಯವನು ದಿನವೂ ನನ್ನ ಮನೆಯ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುತ್ತಾನೆ. ಹೇಳಿದರೆ ತೆಗೆಯುತ್ತಾನೆ; ಮರುದಿನ ಮತ್ತೆ ಅಲ್ಲೇ ನಿಲ್ಲಿಸುತ್ತಾನೆ. ಇಂಥವನಿಗೆ ಒಂದು ಪಾಠ ಕಲಿಸಿದರೆ ತಪ್ಪೇ?"

ಈ ಪ್ರಶ್ನೆಯನ್ನು ಶಿಷ್ಯ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಮಠಕ್ಕೆ ಯಾವಾಗಲೂ ಕಾರಿನಲ್ಲಿ ಬರುತ್ತಿದ್ದವನು ಅಂದು ಕಾಲುದಾರಿ ಹಿಡಿದು ನಾಲ್ಕು ಮೈಲಿ ನಡೆದಿದ್ದ. ಕಾಲಿಗೆ ಧೂಳು ಹತ್ತಿತ್ತು. ಪಂಚೆಯ ಅಂಚು ಮುಳ್ಳಿಗೆ ಸಿಕ್ಕಿ ಹರಿದಿತ್ತು.

ಪ್ರಶ್ನೆಯಲ್ಲಿ ಅವನು ಒಂದು ಸಂಗತಿಯನ್ನು ಬಿಟ್ಟಿದ್ದ. ಅಂದು ನಸುಕಿನಲ್ಲಿ ನೆರೆಯವನ ಕಾರಿನ ಎರಡು ಟೈರುಗಳ ಗಾಳಿಯನ್ನು ಅವನೇ ಬಿಟ್ಟಿದ್ದ. ಸುಲಭವಾಗಿ ಮತ್ತೆ ಗಾಳಿ ತುಂಬಲಾಗದಂತೆ ವಾಲ್ವಿನ ಪಿನ್ನುಗಳನ್ನೂ ಕಿತ್ತಿದ್ದ. ಎರಡೂ ಈಗ ಅವನ ಅಂಗಿಯ ಜೇಬಿನಲ್ಲಿದ್ದವು. ಶಿಷ್ಯ ಹೊರಟಾಗ ನೆರೆಯವನು ಇನ್ನೂ ಎದ್ದಿರಲಿಲ್ಲ. ನೆರೆಯವನ ಕಾರು ಗೇಟಿನ ಮುಂದೆ ಕುಸಿದು ನಿಂತಿತ್ತು. ಇವನ ಕಾರು ಗೇಟಿನ ಒಳಗೆ ಉಳಿದಿತ್ತು.

"ಎಂಥ ಪಾಠ?" ಎಂದು ಗುರುಗಳು ಕೇಳಿದರು.

"ಬಂಡಿಗಲ್ಲಿನ ಮುನಿ ಕಲಿಸಿದಂಥ ಪಾಠ."

ಬಂಡಿಗಲ್ಲು ಆ ಕಾಲುದಾರಿಯಲ್ಲಿರುವ ದೊಡ್ಡ ಕಲ್ಲು. ಹಿಂದೆ ಒಬ್ಬ ಮುನಿ ಸ್ನಾನಕ್ಕೆ ಹೊಳೆಗೆ ಹೋಗುವ ದಾರಿಯಲ್ಲಿ ಒಬ್ಬನು ಬಂಡಿಯನ್ನು ಅಡ್ಡ ಬಿಟ್ಟಿದ್ದನಂತೆ. ಮುನಿ ಶಪಿಸಿದನಂತೆ. ಬಂಡಿ ನಿಂತಲ್ಲೇ ಕಲ್ಲಾಯಿತಂತೆ. ಶಿಷ್ಯ ಓದಿದವನು. ಹಿಂದೊಮ್ಮೆ ಆ ಕಲ್ಲನ್ನು ನಾಲ್ಕೂ ಕಡೆಯಿಂದ ಪರೀಕ್ಷಿಸಿದ್ದ. ಗಾಲಿಯ ಗುರುತಾಗಲಿ, ನೊಗದ ಗುರುತಾಗಲಿ ಕಂಡಿರಲಿಲ್ಲ. ಎಂದೂ ನಂಬದ ಆ ಕತೆ ಅಂದು ಮಾತ್ರ, ಕಲ್ಲಿನ ಪಕ್ಕದ ಮುಳ್ಳುಕಂಟಿಯಿಂದ ಪಂಚೆ ಬಿಡಿಸಿಕೊಳ್ಳುವಾಗ, ಅವನಿಗೆ ಹಿತವೆನಿಸಿತ್ತು.

ಗುರುಗಳು ನಕ್ಕರು. "ಆ ಕಲ್ಲು ಬಂಡಿಯಾಗಿದ್ದಾಗ ನೋಡಿದವರು ಯಾರೂ ನನಗೆ ಸಿಕ್ಕಿಲ್ಲ. ಅದು ಹಾಗಿರಲಿ. ಮರದ ಬಂಡಿಯೊಂದರ ಕತೆ ಹೇಳುತ್ತೇನೆ, ಕೂತುಕೋ."

ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ನೇಕಾರನಿದ್ದ. ಅವನ ಎದುರು ಮನೆಯಲ್ಲಿ ಒಬ್ಬ ಉಪ್ಪಿನ ವರ್ತಕನಿದ್ದ. ನೇಕಾರನ ಕೆಲಸಕ್ಕೆ ಬೀದಿ ಬೇಕು. ಸೀರೆಯ ಉದ್ದದ ಎಳೆಗಳಿಗೆ, ಅಂದರೆ ಹಾಸಿನ ನೂಲಿಗೆ, ಗಂಜಿ ಹಾಕಿದ ಮೇಲೆ ಅದನ್ನು ಬೀದಿಯಲ್ಲಿ ಉದ್ದಕ್ಕೆ ಬಿಗಿದು ಎಳೆಬಿಸಿಲಿನಲ್ಲಿ ಒಣಗಿಸಬೇಕು. ತಡವಾದರೆ ಎಳೆಗೆ ಎಳೆ ಅಂಟುತ್ತದೆ. ನೂಲು ಸುತ್ತಿದ ಬಿದಿರಿನ ಗಳ ಎರಡಾಳು ಉದ್ದ. ಹಿತ್ತಿಲ ಬಾಗಿಲಿನಲ್ಲಿ ಅದು ತಿರುಗುವುದಿಲ್ಲ. ಬೀದಿ ಬಾಗಿಲಿನಿಂದಲೇ ಹೊರಗೆ ಬರಬೇಕು. ಆ ಬಾಗಿಲಿಗೆ ಅಡ್ಡವಾಗಿ ವರ್ತಕ ತನ್ನ ಬಂಡಿ ಬಿಡುತ್ತಿದ್ದ. ತನ್ನ ಬಾಗಿಲನ್ನು ಅವನು ಗಿರಾಕಿಗಳಿಗೆಂದು ಖಾಲಿ ಇಟ್ಟುಕೊಂಡಿದ್ದ.

"ಅಣ್ಣಾ, ಬಂಡಿ ಸ್ವಲ್ಪ ಆಚೆ ಬಿಡಿ. ನೂಲು ಹೊರಗೆ ತರಬೇಕು," ಎಂದು ನೇಕಾರ ಕೂಗುತ್ತಿದ್ದ.

"ಬಂದೆ ತಮ್ಮಾ, ಬಂದೆ. ನಿನ್ನ ನೂಲಿಗೇನು ಮುಹೂರ್ತ ಮೀರುತ್ತದೆಯೇ?" ಎಂದು ವರ್ತಕ ಅಂಗಡಿಯಿಂದಲೇ ಹೇಳುತ್ತಿದ್ದ.

ಅಂಗಡಿಯಲ್ಲಿದ್ದವರು ನಗುತ್ತಿದ್ದರು. ವರ್ತಕನೂ ನಗುತ್ತ ಬಂದು ಬಂಡಿ ಸರಿಸುತ್ತಿದ್ದ. ಅವನು ಕೆಟ್ಟವನಲ್ಲ. ಹೇಳಿದಾಗ ಒಮ್ಮೆಯೂ ಇಲ್ಲವೆನ್ನಲಿಲ್ಲ. ಹೇಳದೆ ಒಮ್ಮೆಯೂ ಸರಿಸಲಿಲ್ಲ. ಆರು ತಿಂಗಳು ಹೀಗೆ ಕಳೆಯಿತು. ಕೊನೆಕೊನೆಗೆ ನೇಕಾರನಿಗೆ ಬಂಡಿಗಿಂತ ಆ ನಗುವೇ ಹೆಚ್ಚು ಅಡ್ಡವಾಯಿತು.

ಆ ಸಮಯಕ್ಕೆ ಅವನ ಮಗ್ಗಕ್ಕೆ ಒಂದು ಮದುವೆಯ ಸೀರೆಯ ಕೆಲಸ ಬಂತು. ಧಾರೆಗೆ ಹನ್ನೆರಡು ದಿನ ಉಳಿದಿತ್ತು. ಮದುಮಗಳ ತಾಯಿಗೆ ನೇಕಾರ ಮಾತು ಕೊಟ್ಟಿದ್ದ. ನೂಲಿಗೆ ಗಂಜಿ ಹಾಕಿದ ಸಂಜೆ ಹೊರಗೆ ಬಂದು ನೋಡಿದ. ಬಂಡಿ ಉಪ್ಪು ತುಂಬಿಕೊಂಡು ಎಂದಿನ ಜಾಗದಲ್ಲೇ ನಿಂತಿತ್ತು. ಬೆಳಗಾದ ಕೂಡಲೇ ಅದು ಇಳಿಜಾರು ದಾಟಿ ಪಕ್ಕದ ಊರಿನ ಸಂತೆಗೆ ಹೋಗುವುದಿತ್ತು. ಈ ಸಲ ನೇಕಾರ ಕೂಗಲಿಲ್ಲ.

ಗಾಲಿ ಕಳಚದಂತೆ ಅಚ್ಚಿನ ತುದಿಗೆ ಒಂದು ಕಬ್ಬಿಣದ ಕೀಲು ಹಾಕಿರುತ್ತಾರೆ. ಅದೇ ಕಡಾಣಿ. ನೇಕಾರ ಬಗ್ಗಿ ಒಂದು ಕಡಾಣಿಯನ್ನು ಕಿತ್ತುಕೊಂಡ. ನಡುದಾರಿಯಲ್ಲಿ ಗಾಲಿ ಕಳಚುವುದನ್ನೂ, ಸಂತೆಯ ಜನ ವರ್ತಕನನ್ನು ನೋಡಿ ನಗುವುದನ್ನೂ ಮನಸ್ಸಿನಲ್ಲೇ ಕಂಡ. ಮನಸ್ಸು ಒಂದು ಕ್ಷಣ ಎತ್ತುಗಳ ಕಡೆಗೆ ಹೋಯಿತು. ಅದನ್ನು ಬೇಗನೆ ಹಿಂದಕ್ಕೆ ಎಳೆದುಕೊಂಡ.

ಗಾಲಿ ನಡುದಾರಿಯವರೆಗೆ ಕಾಯಲಿಲ್ಲ. ಬೆಳಿಗ್ಗೆ ಎತ್ತುಗಳು ಒಂದು ಹೆಜ್ಜೆ ಎಳೆದವು; ಗಾಲಿ ಕಳಚಿತು. ಉಪ್ಪಿನ ಬಂಡಿ ನೇಕಾರನ ಬಾಗಿಲಲ್ಲೇ ಕೂತುಬಿಟ್ಟಿತು.

ವರ್ತಕ ಮೂಟೆಗಳನ್ನು ಇಳಿಸಿದ. ನಾಲ್ವರನ್ನು ಕರೆದು ಬಂಡಿ ಎತ್ತಿಸಿ, ಗಾಲಿ ಸೇರಿಸಿ, ಕಟ್ಟಿಗೆಯ ಕೀಲು ಹೊಡೆದ. ಬಂಡಿ ಒಂದು ಮೊಳ ಉರುಳಿತು. ಕೀಲು ಮುರಿಯಿತು. ಬಂಡಿ ಈ ಸಲ ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡು ಕೂತಿತು. ವರ್ತಕ ಕಮ್ಮಾರನಲ್ಲಿಗೆ ಓಡಿದ. ಅಂದು ಅಮಾವಾಸ್ಯೆ, ಕಮ್ಮಾರ ಕುಲುಮೆ ಹೊತ್ತಿಸಿರಲಿಲ್ಲ. ನಾಡಿದ್ದು ಬಾ ಎಂದ.

ವರ್ತಕ ಹಿಂದಿರುಗಿ ಬಂದು ನೇಕಾರನ ಬಾಗಿಲ ಸಂದಿಯಲ್ಲಿ ನಿಂತ. ಅಂದು ಅವನು ನಗಲಿಲ್ಲ. "ತಪ್ಪಾಯಿತು ತಮ್ಮಾ. ಕಡಾಣಿ ಎಲ್ಲಿ ಬಿತ್ತೋ ತಿಳಿಯದು, ಬೀದಿಯೆಲ್ಲ ಹುಡುಕಿದೆ. ನನ್ನಿಂದ ನಿನಗೆ ತೊಂದರೆಯಾಯಿತು."

ನೇಕಾರ ಆರು ತಿಂಗಳಿನಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಿದಾಗ ತಲೆ ಎತ್ತಲಾಗಲಿಲ್ಲ.

ಶಿಷ್ಯನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಗುರುಗಳು ಅತ್ತ ನೋಡಲಿಲ್ಲ; ಕತೆ ಮುಂದುವರಿಸಿದರು.

ಮನೆಯೊಳಗೆ ನೂಲು ಒಣಗದೆ ಹುಳಿವಾಸನೆ ಬರತೊಡಗಿತ್ತು. ಮರುದಿನದ ಬಿಸಿಲು ಕಾಣದಿದ್ದರೆ ಅಷ್ಟೂ ನೂಲು ಹಾಳು. ಕಡಾಣಿ ಗೋಡೆಯ ಗೂಡಿನಲ್ಲಿ ದೀಪದ ಪಕ್ಕದಲ್ಲಿತ್ತು. ಅದನ್ನು ಕೊಟ್ಟರೆ ಬೀದಿಯ ಮುಂದೆ ಮಾನ ಹೋಗುತ್ತದೆ. ಕೊಡದಿದ್ದರೆ ಮದುಮಗಳ ತಾಯಿಗೆ ಕೊಟ್ಟ ಮಾತು ಹೋಗುತ್ತದೆ. ನೇಕಾರನ ಉಗುರಿನ ಸಂದಿಯಲ್ಲಿ ಕೀಲೆಣ್ಣೆಯ ಕಪ್ಪು ಉಳಿದಿತ್ತು. ಮತ್ತೆ ಮತ್ತೆ ತೊಳೆದ, ಹೋಗಲಿಲ್ಲ. ಹೆಂಡತಿ ಅದನ್ನು ನೋಡಿದಳು.

"ಆ ಕೈಯಲ್ಲಿ ಮದುವೆಯ ನೂಲು ಮುಟ್ಟಬೇಡಿ," ಎಂದಳು.

ಮರುದಿನ ಬೆಳಿಗ್ಗೆ ನೇಕಾರ ಹಿತ್ತಿಲ ಬಾಗಿಲಿನಿಂದ ಹೊರಟು, ಕೇರಿ ಸುತ್ತಿ, ತನ್ನದೇ ಮನೆಯ ಮುಂದಕ್ಕೆ ಬಂದ. ವರ್ತಕನ ಕೈಯಲ್ಲಿ ಕಡಾಣಿ ಇಟ್ಟ.

"ಅಣ್ಣಾ, ಇದು ಬಿದ್ದದ್ದಲ್ಲ. ನಾನೇ ಕಿತ್ತದ್ದು."

ವರ್ತಕ ಅದನ್ನು ತಿರುಗಿಸಿ ನೋಡಿದ. ಅವನ ಮುಖ ಕೆಂಪಾಯಿತು. "ಇಳಿಜಾರಿನಲ್ಲಿ ಗಾಲಿ ಕಳಚಿದ್ದರೆ ನನ್ನ ಎತ್ತುಗಳ ಗತಿ ಏನಾಗುತ್ತಿತ್ತು? ನಿನಗೆ ಅದು ಗೊತ್ತಿರಲಿಲ್ಲವೇ?"

"ಗೊತ್ತಿತ್ತು."

ನೇಕಾರ ಅಷ್ಟೇ ಹೇಳಿದ. ಆರು ತಿಂಗಳ ದೂರನ್ನು ಎತ್ತಲಿಲ್ಲ. ಜಗಳ ನೋಡಲು ಬೀದಿಯ ಜನ ಸೇರಿದ್ದರು. ವರ್ತಕ ಎತ್ತುಗಳನ್ನು ನೋಡಿದ. ಬಳಿಕ ಬಂಡಿಯ ಮೇಲಿಂದ ಬಗ್ಗಿ, ಬಾಗಿಲೊಳಗೆ ಮುದ್ದೆಯಾಗುತ್ತಿದ್ದ ನೂಲನ್ನು ನೋಡಿದ. ಅಷ್ಟು ದಿನಗಳಲ್ಲಿ ಅವನು ಆ ಬಾಗಿಲೊಳಗೆ ಕಣ್ಣು ಹಾಯಿಸಿದ್ದು ಅದೇ ಮೊದಲು.

"ಆ ಕಡೆಗೆ ಭುಜ ಕೊಡು," ಎಂದ. "ಬಿಸಿಲು ಏರುತ್ತಿದೆ."

ನೇಕಾರ, ನೋಡಲು ಸೇರಿದ್ದವರೊಡನೆ, ಅಚ್ಚು ಎತ್ತಿ ಹಿಡಿದ. ವರ್ತಕ ಗಾಲಿ ದೂಡಿದ. ಕಡಾಣಿ ತನ್ನ ಜಾಗಕ್ಕೆ ಹೋಯಿತು. ನೂಲು ಬೀದಿಗೆ ಬಂತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಸೀರೆ ಮುಗಿಯಿತೇ?" ಎಂದು ಶಿಷ್ಯ ಕೇಳಿದ.

"ಬಹಳ ಎಳೆಗಳು ಹರಿದಿದ್ದವು. ಒಂದೊಂದನ್ನೂ ಗಂಟು ಹಾಕಿದ. ಧಾರೆಯ ಹಿಂದಿನ ದಿನ ಮಗ್ಗದಿಂದ ಇಳಿಯಿತು."

"ವರ್ತಕ ಆಮೇಲೆ ಅಲ್ಲಿ ಬಂಡಿ ನಿಲ್ಲಿಸಲೇ ಇಲ್ಲವೇ?"

"ನಿಲ್ಲಿಸಿದ. ನೂಲು ಒಣಗಿಸುವ ದಿನ ಯಾವುದೆಂದು ಮಾತ್ರ ತಾನೇ ಬಂದು ಕೇಳಿಕೊಂಡು ಹೋಗುತ್ತಿದ್ದ. ಉಳಿದ ದಿನ ಮರೆಯುತ್ತಿದ್ದ, ನೇಕಾರ ಕೂಗುತ್ತಿದ್ದ. ಮರುದಿನದಿಂದಲೇ ಅವನು ಬೇರೆ ಮನುಷ್ಯನಾದ ಎಂದರೆ ನಾನೂ ಬಂಡಿಗಲ್ಲಿನ ಕತೆ ಹೇಳಿದಂತಾಗುತ್ತದೆ."

ಶಿಷ್ಯನಿಗೆ ಸಮಾಧಾನವಾಗಲಿಲ್ಲ. ನೆರೆಯವನು ಇಷ್ಟು ಹೊತ್ತಿಗೆ ಎದ್ದಿರಬಹುದು, ಕಾರಿನ ಸುತ್ತ ತಿರುಗುತ್ತಿರಬಹುದು, ಯಾರನ್ನೋ ಕೇಳುತ್ತಿರಬಹುದು. ಅದನ್ನು ಮರೆಸಲು ಅವನು ನಗಲು ನೋಡಿದ.

"ನೇಕಾರನಿಗೆ ಆ ಮುನಿಯ ಶಕ್ತಿ ಇದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ, ಗುರುಗಳೇ. ಒಂದು ಶಾಪ ಸಾಕಾಗುತ್ತಿತ್ತು."

ಗುರುಗಳು ಅವನ ಧೂಳು ಹತ್ತಿದ ಕಾಲನ್ನೂ ಹರಿದ ಪಂಚೆಯ ಅಂಚನ್ನೂ ನೋಡಿದರು.

"ಆ ಕಲ್ಲು ಇಂದಿಗೂ ದಾರಿಯ ನಡುವೆಯೇ ಇದೆ, ಶಪಿಸಿದ ಮುನಿಯೂ ಅಂದಿನಿಂದ ಅದನ್ನು ಸುತ್ತಿಕೊಂಡೇ ಹೊಳೆಗೆ ಹೋಗಿರಬೇಕು."

ಶಿಷ್ಯನ ಕೈ ಜೇಬಿನ ಮೇಲೆಯೇ ಉಳಿಯಿತು.