ತಾನೇ ಓಡುವ ಕಾರಿಗೆ ಕಾದವರು

ಹೊಸಪೇಟೆಯಲ್ಲಿ ಕೊಟ್ರಪ್ಪ ಎಂಬ ಮರದ ವ್ಯಾಪಾರಿ ಇದ್ದರು. ಅವರ ದೃಷ್ಟಿ ವರ್ಷದಿಂದ ವರ್ಷಕ್ಕೆ ಕುಂದುತ್ತಿತ್ತು. ಇನ್ನು ನಾಲ್ಕೈದು ವರ್ಷದಲ್ಲಿ ಕಾರು ಓಡಿಸುವುದನ್ನು ಬಿಡಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದರು. ಕೊಪ್ಪಳದಲ್ಲಿ ಅವರ ಅಕ್ಕ ಹಾಸಿಗೆ ಹಿಡಿದಿದ್ದಳು. ಪ್ರತಿ ಭಾನುವಾರ ಹೋಗಿ ಅವಳಿಗೆ ಕೈಯಾರೆ ಉಣಿಸಿ ಬರುವುದು ಅವರ ರೂಢಿ. ಅದೊಂದು ತಪ್ಪಬಾರದು ಎಂಬುದೇ ಅವರ ಚಿಂತೆ.

ತಾನೇ ಓಡುವ ಕಾರು ಬರುತ್ತದಂತೆ ಎಂದು ಕೇಳಿ ಅವರು ಶೋರೂಮಿಗೆ ಹೋದರು. ಮಾರಾಟದ ಹೇಮಾವತಿ, ಅದಕ್ಕೆ ಬೇಕಾದ ಕ್ಯಾಮೆರಾ, ಕಂಪ್ಯೂಟರ್ ಎಲ್ಲ ಕಾರಿನಲ್ಲಿ ಆಗಲೇ ಇವೆ, ಮುಂದಿನ ವರ್ಷ ಸಾಫ್ಟ್‌ವೇರ್ ಬಂದರೆ ಆಯಿತು, ಈಗಲೇ ಹಣ ಕಟ್ಟಿದರೆ ಅಗ್ಗ ಎಂದಳು. ಕಂಪನಿ ಅವಳಿಗೆ ಹಾಗೆಯೇ ಹೇಳಿಕೊಟ್ಟಿತ್ತು. ಕೊಟ್ರಪ್ಪ ನಂಬಿ ಕಾರು ಕೊಂಡು, ಆ ಸೌಲಭ್ಯಕ್ಕೂ ಹಣ ಕಟ್ಟಿದರು.

ಮುಂದಿನ ವರ್ಷ ಎನ್ನುತ್ತಲೇ ನಾಲ್ಕು ವರ್ಷ ಹೋಯಿತು. ಕಣ್ಣು ಮಂಜಾಯಿತು. ವಾರದ ಭೇಟಿ ತಿಂಗಳಿಗೊಮ್ಮೆ ಆಯಿತು, ಆಮೇಲೆ ಅದೂ ನಿಂತಿತು. ಕೊನೆಗೊಂದು ಪತ್ರ ಬಂತು. ಸಾಫ್ಟ್‌ವೇರ್ ಸಿದ್ಧವಾಗುತ್ತಿದೆ, ಆದರೆ ನಿಮ್ಮ ಕಾರಿನ ಕಂಪ್ಯೂಟರ್ ಅದಕ್ಕೆ ಸಾಲದು, ಹೊಸದು ಹಾಕಿಸಲು ಬೇರೆ ಹಣ ಕಟ್ಟಬೇಕು ಎಂದಿತ್ತು ಅದರಲ್ಲಿ.

ಕೊಟ್ರಪ್ಪ ಆಟೋ ಹಿಡಿದು ಶೋರೂಮಿಗೆ ಬಂದರು. ಅವರು ಜಗಳವಾಡಲಿಲ್ಲ. "ಹೀಗಾಗುತ್ತದೆ ಅಂತ ನಿನಗೆ ಗೊತ್ತಿತ್ತೇನಮ್ಮ?" ಎಂದಷ್ಟೇ ಕೇಳಿದರು.

ಹೇಮಾವತಿ ತಲೆ ತಗ್ಗಿಸಿದಳು. "ಗೊತ್ತಿರಲಿಲ್ಲ ಸರ್. ಗೊತ್ತಿಲ್ಲ ಅಂತ ನಾನು ಹೇಳಲೂ ಇಲ್ಲ."

ಅವಳ ಮೇಜಿನೆದುರು ಇನ್ನೊಬ್ಬ ಗ್ರಾಹಕ ಅದೇ ಸೌಲಭ್ಯಕ್ಕೆ ಹಣ ಕಟ್ಟಲು ಕುಳಿತಿದ್ದ. ಗಾಜಿನ ಕೋಣೆಯಿಂದ ಮ್ಯಾನೇಜರ್ ನೋಡುತ್ತಿದ್ದರು. ಹೇಮಾವತಿ ಆ ಗ್ರಾಹಕನತ್ತ ತಿರುಗಿ ಹೇಳಿದಳು: "ಈ ಕಾರು ಇವತ್ತು ತಾನಾಗಿ ಓಡುವುದಿಲ್ಲ. ಯಾವಾಗ ಓಡುತ್ತದೋ ನನಗೆ ಗೊತ್ತಿಲ್ಲ. ಇವತ್ತು ಏನು ಮಾಡುತ್ತದೋ ಅದಕ್ಕಷ್ಟೇ ಹಣ ಕೊಡಿ."

ಮರುವಾರ ಅವಳನ್ನು ಮಾರಾಟದಿಂದ ತೆಗೆದು ರಿಪೇರಿ ವಿಭಾಗಕ್ಕೆ ಹಾಕಿದರು. ಆದರೂ ಕೊಟ್ರಪ್ಪ ಗ್ರಾಹಕರ ನ್ಯಾಯಾಲಯಕ್ಕೆ ದೂರು ಕೊಟ್ಟಾಗ ಅವಳು ಅವರ ಪರ ಸಾಕ್ಷಿ ಹೇಳಿದಳು. ಹಣ ವಾಪಸಾಯಿತು. ಅವರು ಅದರಲ್ಲಿ ಹೊಸ ಕಂಪ್ಯೂಟರ್ ಹಾಕಿಸದೆ, ಭಾನುವಾರಗಳಿಗೆ ಒಬ್ಬ ಡ್ರೈವರನ್ನು ಗೊತ್ತು ಮಾಡಿಕೊಂಡರು.

ಅಕ್ಕ ಬಹಳ ಸೊರಗಿದ್ದಳು. ತಮ್ಮನ ಕೈಯ ತುತ್ತು ನುಂಗಿ, ಮೆಲ್ಲನೆ ಕೇಳಿದಳು: "ಡ್ರೈವರನ್ನು ಮೊದಲೇ ಕರಕೊಂಡು ಬರಬಹುದಿತ್ತಲ್ಲೋ?"

ಕೊಟ್ರಪ್ಪ ಇನ್ನೊಂದು ತುತ್ತು ಕಲಸಿದರು.

ನೀತಿ: ಮಾರುವವರು ತಮಗೆ ತಿಳಿಯದ್ದನ್ನು ತಿಳಿಯದು ಎಂದೇ ಹೇಳಬೇಕು. ಕೊಳ್ಳುವವರು ನಾಳೆಯ ಮಾತಿಗೆ ಹಣ ಕೊಟ್ಟು, ಇಂದು ಆಗಬೇಕಾದ ಕೆಲಸವನ್ನು ಕಾಯಿಸಬಾರದು.